ಮೊದಲೇ ಇರುವ ಕಾಯಿಲೆ ಮತ್ತು ಆರೋಗ್ಯ ವಿಮೆ



ಮಧುಮೇಹ, ರಕ್ತದೊತ್ತಡ, ಹೃದ್ರೋಗ ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಇಂದು ನಗರಗಳಲ್ಲಿ ವಿರಳವೆನ್ನಬಹುದು. ಆರೋಗ್ಯ ವಿಮೆಯ ಮಾತು ಬಂದಾಗ ಇಂಥ ಮನೆಯವರಲ್ಲಿ ಕೆಲವರು ‘ನಮಗೆ ಯಾರು ಕೊಡುತ್ತಾರೆ’ ಎಂದು ಕೈಚೆಲ್ಲುತ್ತಾರೆ. ಮತ್ತೆ ಕೆಲವರು ಕಾಯಿಲೆಯನ್ನು ಮರೆಮಾಚಿ ಕಡಿಮೆ ಕಂತಿನ ಪಾಲಿಸಿಯನ್ನು ಪಡೆಯುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ.

ವಿಮಾ ಪತ್ರಗಳಲ್ಲಿ ‘ಪೂರ್ವಸ್ಥಿತ ರೋಗ’ ಎಂಬ ಮಾತು ಬರುತ್ತದೆ. ಇದು ನಮ್ಮಂಥ ಭಾಷಾಂತರಕಾರರ ಕೊಡುಗೆ. ಮೊದಲೇ ಇರುವ ಕಾಯಿಲೆ ಎಂದರೆ ಸಾಕಾಗಿತ್ತು. ಪಾಲಿಸಿಗೆ ಹಿಂದಿನ 36 ತಿಂಗಳುಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ನೀಡಿದ ಕಾಯಿಲೆ ಎಂದು ಇದರ ಅರ್ಥ. ಇದಕ್ಕೆ ರಕ್ಷಣೆ ದೊರೆಯಲು ಕೆಲಕಾಲ ಕಾಯಬೇಕಾಗುತ್ತದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳಂತೆ ಕಾಯುವ ಅವಧಿ 36 ತಿಂಗಳನ್ನು ಮೀರುವಂತಿಲ್ಲ; ಮೊದಲು 48 ತಿಂಗಳವರೆಗೂ ಇತ್ತು. ಪಾಲಿಸಿ ಆರಂಭವಾದ ದಿನದಿಂದ ಮಾತ್ರ ಈ ಲೆಕ್ಕ ನಡೆಯುವುದರಿಂದ, ‘ಮುಂದಿನ ವರ್ಷ ನೋಡೋಣ’ ಎಂದವರ ರಕ್ಷಣೆಯೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ನೌಕರಿಯಲ್ಲಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಂಪನಿಯ ಸಾಮೂಹಿಕ ವಿಮೆಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆಯಿರುವುದುಂಟು. ಆದರೆ ನೌಕರಿ ಬಿಟ್ಟಂದು ಅದೂ ಮುಗಿಯುತ್ತದೆ.

ಇನ್ನು ಮರೆಮಾಚುವ ವಿಷಯ. ‘ಸಕ್ಕರೆ ಕಾಯಿಲೆ ಬರೆಯಬೇಡಿ, ಕಂತು ಏರುತ್ತದೆ’ ಎಂದು ಏಜೆಂಟರೇ ಸೂಚಿಸುವುದುಂಟು. ಸತ್ಯ ಹೊರಬೀಳುವುದು ಆಸ್ಪತ್ರೆಯಲ್ಲಿ. ‘ಎಷ್ಟು ವರ್ಷದಿಂದ ಸಕ್ಕರೆ ಇದೆ?’ ಎಂದು ವೈದ್ಯರು ಕೇಳುತ್ತಾರೆ. ರೋಗಿ ‘ಎಂಟು ವರ್ಷದಿಂದ’ ಎನ್ನುತ್ತಾನೆ. ಅದು ಕೇಸ್ ಶೀಟಿನಲ್ಲಿ ದಾಖಲಾಗಿ ವಿಮಾ ಕಂಪನಿಯ ಮೇಜಿಗೆ ಹೋಗುತ್ತದೆ. ಹಣ ಅತ್ಯಗತ್ಯವಾದ ಗಳಿಗೆಯಲ್ಲೇ ಕ್ಲೇಮು ತಿರಸ್ಕೃತವಾಗುತ್ತದೆ. ವರ್ಷಗಟ್ಟಲೆ ಕಟ್ಟಿದ ಕಂತು ವ್ಯರ್ಥವಾಗುತ್ತದೆ. ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ ಮಾಹಿತಿ ತಿಳಿಸಲಿಲ್ಲವೆಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ, ನಿಜ. ಆದರೆ ವಂಚನೆ ಸಾಬೀತಾದರೆ ಈ ರಕ್ಷಣೆ ಇಲ್ಲ. ಆದ್ದರಿಂದ ಪ್ರಸ್ತಾವ ಪತ್ರವನ್ನು ಸ್ವತಃ ಓದಿ, ನುಂಗುವ ಮಾತ್ರೆಗಳ ಹೆಸರನ್ನೂ ಬರೆದು, ಅನಂತರವೇ ಸಹಿ ಮಾಡತಕ್ಕದ್ದು.

ಸತ್ಯ ಬರೆದರೆ ಕಂತು ಹೆಚ್ಚಾಗಬಹುದು. ಅದನ್ನು ಎಲ್ಲಿಂದ ತರುವುದು? ವ್ಯಕ್ತಿಗತ ಆರೋಗ್ಯ ಪಾಲಿಸಿಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿರುವುದು ಒಂದು ಅನುಕೂಲ. ಉಳಿದದ್ದು ಮನೆಯ ಲೆಕ್ಕ. ಕನ್ನಡಿಗರ ಸಭೆಯಲ್ಲಿ ಕಾಫಿ ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ. ಅದರಿಂದ ಉಳಿಯುವುದೂ ಅಲ್ಪ. ವರ್ಷದ ಕಂತು 24,000 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 2,000 ಆಯಿತು. ಅದನ್ನು ದೊಡ್ಡ ವೆಚ್ಚಗಳಲ್ಲಿ ಹುಡುಕಬೇಕು: ಚೆನ್ನಾಗಿಯೇ ಇರುವ ಮೊಬೈಲ್ ಬದಲಿಸಲು ಮಾಡಿದ ಸಾಲದ ಕಂತು, ನೆಂಟರ ಮದುವೆಗಳಲ್ಲಿ ಶಕ್ತಿ ಮೀರಿ ಮಾಡುವ ಮುಯ್ಯಿ, ಸಾಲ ಮಾಡಿ ಕೊಳ್ಳುವ ಚಿನ್ನ. ನಿತ್ಯದ ಮಾತ್ರೆಗಳ ವೆಚ್ಚವನ್ನು ಸಾಮಾನ್ಯ ಪಾಲಿಸಿ ಭರಿಸುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿಯೇ ಎಣಿಸಬೇಕು; ಜನೌಷಧಿ ಕೇಂದ್ರಗಳಲ್ಲಿ ಅವು ಗಣನೀಯವಾಗಿ ಅಗ್ಗ.

ಊರಿನಿಂದ ಬಂದು ಮಕ್ಕಳೊಡನೆ ಮುಂಬಯಿಯಲ್ಲೋ ಪುಣೆಯಲ್ಲೋ ನೆಲೆಸಿರುವ ಹಿರಿಯರು ಅನೇಕರಿದ್ದಾರೆ. 70 ವರ್ಷ ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಸೌಲಭ್ಯವನ್ನು 2024ರ ಅಕ್ಟೋಬರ್ 29ರಂದು ಆರಂಭಿಸಲಾಯಿತು. ಇಲ್ಲಿ ಹಳೆಯ ಕಾಯಿಲೆಗೆ ಕಾಯುವ ಅವಧಿಯೇ ಇಲ್ಲ. ವಯಸ್ಸನ್ನು ಆಧಾರ್ ಪ್ರಕಾರ ಪರಿಗಣಿಸಲಾಗುವುದರಿಂದ, ಅದರಲ್ಲಿ ಜನ್ಮದಿನಾಂಕ ತಪ್ಪಾಗಿದ್ದರೆ ಮೊದಲು ಸರಿಪಡಿಸಿಕೊಂಡು ಕಾರ್ಡಿಗೆ ಅರ್ಜಿ ಸಲ್ಲಿಸಬೇಕು.