ಬೆಳೆಯುವ ಊರಿಗೆ ಮೊದಲು ಏನು ಬೇಕು?

(ಸುವರ್ಣ ಮಹೋತ್ಸವದ ಸಮಾರೋಪದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿನಿ, ಪುರಸಭೆ ಅಧ್ಯಕ್ಷೆ ಮಾಡಿದ ಭಾಷಣ)



ಬೆಳೆಯುತ್ತಿರುವ ನಮ್ಮ ಪಟ್ಟಣದ ಆದ್ಯತೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಪುರಸಭೆಯಲ್ಲಿ ಹತ್ತು ನಿಮಿಷಕ್ಕೆ ಹಾಜರಿ ಪುಸ್ತಕದ ಸಹಿಯೂ ಮುಗಿಯುವುದಿಲ್ಲ. ಆದರೂ ಪ್ರಯತ್ನ ಮಾಡುತ್ತೇನೆ.

ಊರು ಬೆಳೆದಿರುವುದು ಎಲ್ಲರ ಕಣ್ಣಿಗೂ ಕಾಣುತ್ತಿದೆ. ನಾವು ಓದುವಾಗ ಇಲ್ಲಿಂದ ಪೇಟೆಯವರೆಗೆ ರಸ್ತೆಯ ಎರಡೂ ಕಡೆ ರಾಗಿ ಹೊಲ, ಹಿಪ್ಪುನೇರಳೆ ತೋಟ. ಈಗ ಬಡಾವಣೆಗಳು. ಬೆಳಕು ಹರಿಯುವ ಮೊದಲೇ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ಬಸ್ಸುಗಳು ಸರ್ಕಲ್ಲಿನಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮ ಮಕ್ಕಳಿಗೆ ಕೆಲಸ ಸಿಕ್ಕಿದೆ, ಸಂತೋಷ. ಜನಸಂಖ್ಯೆ 50 ಸಾವಿರ ದಾಟಿದರೆ ಪುರಸಭೆ ನಗರಸಭೆಯಾಗಬಹುದು. ಅದಕ್ಕಾಗಿ ಸುತ್ತಲ ಹಳ್ಳಿಗಳನ್ನು, ಈ ಊರನ್ನೂ ಸೇರಿಸಿ, ಒಳಗೆ ತೆಗೆದುಕೊಳ್ಳಬೇಕೆಂಬ ಮಾತು ನಡೆದಿದೆ.

ನಾನು ಅಧ್ಯಕ್ಷೆಯಾದ ಹೊಸದರಲ್ಲಿ ನನ್ನ ಆದ್ಯತೆ ಏನಿತ್ತು ಗೊತ್ತೇ? ಸ್ವಾಗತ ಕಮಾನು, ಹೈಮಾಸ್ಟ್ ದೀಪ, ಸರ್ಕಲ್ಲಿಗೊಂದು ಕಾರಂಜಿ. ಆ ಕಾರಂಜಿಗೆ ಟ್ಯಾಂಕರಿನಲ್ಲಿ ನೀರು ತರಿಸಿದೆವು. ಉದ್ಘಾಟನೆಯ ದಿನ ಚಿಮ್ಮಿತು, ಬೇಸಿಗೆಗೆ ನಿಂತೇಹೋಯಿತು. ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು.

ಹೋದ ವರ್ಷ ನನ್ನ ತರಗತಿಯ ಗೆಳತಿಯೊಬ್ಬಳು ಕಚೇರಿಗೆ ಬಂದಳು. ಸೀರೆಯ ಸೆರಗಿನಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಕಪ್ಪು ನೀರು. "ನಮ್ಮ ಸ್ಕೂಲಿನ ಹಿಂದಿನ ಕೆರೆದು. ನಿಮ್ಮ ಪೇಟೆಯಿಂದ ಬಂದಿದ್ದು, ನಿಮಗೇ ವಾಪಸ್ ಕೊಡೋಣ ಅಂತ ತಂದೆ" ಅಂದಳು. ಹಸು ಮೂತಿ ಇಟ್ಟು ಹಿಂದೆ ಸರಿಯುತ್ತದಂತೆ. ಆ ಕೆರೆ ಏರಿಯ ಮೇಲೆ ನಾವಿಬ್ಬರೂ ಮೂರು ವರ್ಷ ಶಾಲೆಗೆ ನಡೆದಿದ್ದೇವೆ. ನನಗೆ ಏನೂ ಉತ್ತರ ಹೊಳೆಯಲಿಲ್ಲ. ಟೀ ತರಿಸಿದೆ. ಅವಳು ಕುಡಿಯಲಿಲ್ಲ.

ಆ ರಾತ್ರಿ ಒಂದು ಲೆಕ್ಕ ಹಾಕಿದೆ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಮಾನದಂಡ. ಕೊಟ್ಟ ನೀರಿನಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂದು ಇಂಜಿನಿಯರುಗಳು ಹಿಡಿಯುತ್ತಾರೆ. 50 ಸಾವಿರ ಜನಕ್ಕೆ ದಿನಕ್ಕೆ 54 ಲಕ್ಷ ಲೀಟರ್ ಆಯಿತು. 6 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 900 ಟ್ಯಾಂಕರ್. ನಮಗೆ ಅಷ್ಟು ನೀರು ಎಲ್ಲಿ ಸಿಗುತ್ತದೆ ಎನ್ನುತ್ತೀರಿ, ನಿಜ. ಅರ್ಧ ಅಂದುಕೊಳ್ಳಿ. ದಿನಾ 450 ಟ್ಯಾಂಕರ್ ಕೊಳಚೆಯನ್ನು ಮೋರಿ, ರಾಜಕಾಲುವೆಗಳ ಮೂಲಕ ಕೆಳಗಿನ ಊರಿಗೆ ಕಳಿಸಿದಂತಾಯಿತು.

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆಗಳೇ ನಮಗೆ ನದಿ. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ, ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂದು ಜಿಲ್ಲೆಯ ಜನ ಹೋರಾಡಿದರು. ಸರಿಯಾಗಿಯೇ ಕೇಳಿದರು. ನಾನೂ ಹಾಗೆಯೇ ಮಾತಾಡಿದವಳು. ಆದರೆ ನಮ್ಮ ಪಟ್ಟಣ ಈ ಊರಿಗೆ ಕಳಿಸುತ್ತಿರುವ ನೀರಿಗೆ ಮೂರನೇ ಹಂತ ಇರಲಿ, ಮೊದಲ ಹಂತವೂ ಇಲ್ಲ.

ಹಾಗಾಗಿ ನನ್ನ ಪಟ್ಟಿಯಲ್ಲಿ ಈಗ ಮೊದಲನೆಯದು ಒಳಚರಂಡಿ ಮತ್ತು ಶುದ್ಧೀಕರಣ ಘಟಕ. ಬಸ್ ನಿಲ್ದಾಣ, ಸಂತೆ ಮೈದಾನ ಎಲ್ಲ ಆಮೇಲೆ. ಬೀದಿ ವ್ಯಾಪಾರಿಗಳಿಗೆ ಮಾತ್ರ ಜಾಗ ಗುರುತಿಸಲೇಬೇಕು, 2014ರ ಕಾಯ್ದೆಯೇ ಇದೆ, ಅದಕ್ಕೆ ಹಣ ಹೆಚ್ಚು ಬೇಡ, ಮನಸ್ಸು ಬೇಕು. ಒಳಚರಂಡಿ ಮಣ್ಣಿನೊಳಗೆ ಹೋಗುವ ಕೆಲಸ. ಅದರ ಮೇಲೆ ಯಾರ ಹೆಸರಿನ ಫಲಕವೂ ಕಾಣುವುದಿಲ್ಲ. ಅದಕ್ಕೇ ಸದಸ್ಯರಿಗೆ ಉತ್ಸಾಹ ಕಡಿಮೆ.

ಕಷ್ಟದ ಮಾತು ಇನ್ನೂ ಇದೆ, ಮುಚ್ಚಿಡುವುದಿಲ್ಲ. ಘಟಕ ತಗ್ಗಿನಲ್ಲಿರಬೇಕು, ನೀರು ತಾನಾಗಿ ಹರಿದು ಬರಬೇಕು. ಎತ್ತರಕ್ಕೆ ಪಂಪ್ ಮಾಡಿದರೆ ಕರೆಂಟ್ ಬಿಲ್ ಕಟ್ಟಲಾಗದೆ ಒಂದು ದಿನ ಬೀಗ ಬೀಳುತ್ತದೆ. ತಗ್ಗು ಇರುವುದು ನಿಮ್ಮ ಕಡೆಯೇ. ವಾಸನೆ ಬರುತ್ತದೆ, ಭೂಮಿ ಹೋಗುತ್ತದೆ ಎಂಬ ನಿಮ್ಮ ಭಯ ಸುಳ್ಳಲ್ಲ. ಆದರೆ ಗೋಮಾಳದ ಮೂಲೆ ನೋಡದೆ ರೈತರ ಜಮೀನಿಗೆ ಕೈ ಹಾಕಲು ನಾನು ಒಪ್ಪುವುದಿಲ್ಲ.

ಇನ್ನು ಪುರಸಭೆಗೆ ಸೇರುವ ವಿಚಾರ. ಸೇರಿದರೆ ಮನೆ ಕಂದಾಯ ಏರುತ್ತದೆ, ಉದ್ಯೋಗ ಖಾತ್ರಿ ಕೆಲಸ ತಪ್ಪುತ್ತದೆ. ಬದಲಿಗೆ ಸಿಗುವುದೇನು ಎಂದು ನೀವು ಕೇಳುವುದು ನ್ಯಾಯ. ಘಟಕ ಮೊದಲು, ಸೇರ್ಪಡೆ ಆಮೇಲೆ ಎಂದು ಸಭೆಯ ನಡಾವಳಿಯಲ್ಲಿ ಬರೆಸಿದ್ದೇನೆ. ನಗರಸಭೆಯಾದರೆ ಅನುದಾನ ಹೆಚ್ಚು ಬರುತ್ತದೆ, ಆಗ ಘಟಕ ಕಟ್ಟೋಣ ಎನ್ನುವ ಸದಸ್ಯರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಥವಿಲ್ಲವೆಂದಲ್ಲ. ಆದರೆ ಕಾರಂಜಿಯ ನೆನಪು ನನಗಿನ್ನೂ ಇದೆ.

ಬರುವ ಗುರುವಾರ ಬೆಳಿಗ್ಗೆ ಎಂಟಕ್ಕೆ ಇಂಜಿನಿಯರ್ ಜೊತೆ ಕೆರೆ ಕೋಡಿಯ ಹತ್ತಿರ ಬರುತ್ತೇನೆ. ರಾಜಕಾಲುವೆ ಎಲ್ಲೆಲ್ಲಿ ಒತ್ತುವರಿಯಾಗಿದೆ ಎಂದು ತೋರಿಸುವ ಹಿರಿಯರು ದಯವಿಟ್ಟು ಬನ್ನಿ. ಬಾಟಲಿ ತಂದ ಗೆಳತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಅವಳೂ ಬರಬೇಕು. ಆ ಬಾಟಲಿ ಇನ್ನೂ ನನ್ನ ಮೇಜಿನ ಮೇಲೇ ಇದೆ.