ಮಕ್ಕಳ ದೇಶದಲ್ಲಿ ಮುಪ್ಪು: ಆಸ್ಪತ್ರೆಯ ಲೆಕ್ಕ



ನಾನು ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿಯವನು. ನಾನು ಹುಡುಗನಾಗಿದ್ದಾಗ ಅದು ರಾಗಿ ಬೆಳೆಯುವ ಊರು. ಆಮೇಲೆ ಕೈಗಾರಿಕಾ ಪ್ರದೇಶವಾಯಿತು, ಕಾರ್ಖಾನೆಗಳು ಬಂದವು. ಅವುಗಳಲ್ಲೊಂದರ ಉಗ್ರಾಣ ವಿಭಾಗದಲ್ಲಿ ಬಹುಕಾಲ ದುಡಿದು 2018ರಲ್ಲಿ ನಿವೃತ್ತನಾದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾಯಿತಷ್ಟೆ. ಅಂದಿನಿಂದ ನಮ್ಮ ಸುತ್ತಮುತ್ತಲಿನವರಿಗೆ ವಿದೇಶವೆಂಬುದು ಹತ್ತಿರವಾದಂತೆ ತೋರುತ್ತಿದೆ. ನೇಕಾರರ ಮಕ್ಕಳು, ಕಾರ್ಮಿಕರ ಮಕ್ಕಳು ಓದಿ ಅಮೆರಿಕ, ಆಸ್ಟ್ರೇಲಿಯಾ, ಕೆನಡಾ ಸೇರಿದ್ದಾರೆ. ಈಗ ಅವರು ತಂದೆತಾಯಿಯರನ್ನು ಕರೆಯುತ್ತಿದ್ದಾರೆ: “ಅಪ್ಪ, ಅಲ್ಲಿ ಇಬ್ಬರೇ ಯಾಕಿರುತ್ತೀರಿ? ಇಲ್ಲಿಗೇ ಬಂದುಬಿಡಿ.”

ಇಂಥ ಕರೆ ನಮ್ಮ ಮನೆಗೂ ಬಂತು. ಆ ಕರೆಗೆ ಉತ್ತರ ಕೊಡುವ ಮೊದಲು ಹಾಕಬೇಕಾದ ಒಂದು ಲೆಕ್ಕವನ್ನು ಇಂದು ತಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಪೆಟ್ಟು ತಿಂದು ಕಲಿತವನು.

2023ರಲ್ಲಿ ನಾನೂ ನಮ್ಮ ಮನೆಯವರೂ ಆರು ತಿಂಗಳ ಮಟ್ಟಿಗೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದೆವು. ನಮ್ಮ ಮನೆಯವರಿಗೆ ಮೊದಲಿನಿಂದಲೂ ರಕ್ತದೊತ್ತಡ, ಜೊತೆಗೆ ಸ್ವಲ್ಪ ಸಕ್ಕರೆ ಕಾಯಿಲೆ. ಮಗಳು ಪ್ರವಾಸಿಗರ ವಿಮೆ ಮಾಡಿಸಿದ್ದಳು. ಅಗ್ಗದ್ದು ಸಾಕೆಂದು ಒತ್ತಾಯಿಸಿದವನು ನಾನೇ. ಎರಡನೆಯ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆಯೇ ಅವರಿಗೆ ಎದೆನೋವು ಕಾಣಿಸಿಕೊಂಡಿದೆ. ಯಾರಿಗೂ ಹೇಳಲಿಲ್ಲ. ಸಂಜೆ ಬೆವರುತ್ತಾ ಕುಳಿತಿದ್ದನ್ನು ಕಂಡು ನಾನು ಕೇಳಿದಾಗ, “ಸುಮ್ಮನಿರಿ, ಇಲ್ಲಿ ಆಸ್ಪತ್ರೆಗೆ ಹೋದರೆ ಮಗಳ ಮನೆ ಮುಳುಗಿಹೋಗುತ್ತದಂತೆ” ಎಂದರು. ಯಾರೋ ಹೇಳಿದ್ದ ಮಾತು ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಮಗಳು ಕೂಡಲೇ 911ಕ್ಕೆ ಕರೆ ಮಾಡಿದಳು. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಜೀವ ಉಳಿಯಿತು. ಆಮೇಲೆ ಬಂದ ಬಿಲ್ಲು ನನ್ನ ಹತ್ತು ವರ್ಷದ ಸಂಬಳಕ್ಕಿಂತ ಹೆಚ್ಚಾಗಿತ್ತು. ವಿಮೆಯವರು, ಇದು ಹಳೆಯ ಕಾಯಿಲೆಯಿಂದ ಬಂದದ್ದೆಂದು ಹೇಳಿ ಬಹುಪಾಲು ಹಣ ಕೊಡಲಿಲ್ಲ.

ಇಲ್ಲಿಂದ ಮೊದಲನೆಯ ಪಾಠ. ದುಡ್ಡಿನ ಹೆದರಿಕೆಯಿಂದ ನೋವನ್ನು ಮುಚ್ಚಿಡಬೇಡಿ. ಅಮೆರಿಕದಲ್ಲಿ 1986ರ ಒಂದು ಕಾನೂನಿದೆ. ಅದರ ಪ್ರಕಾರ ಅಲ್ಲಿನ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದವರು, ರೋಗಿಯ ಬಳಿ ಹಣ ಇರಲಿ ಬಿಡಲಿ, ಪರೀಕ್ಷಿಸಿ ಅಪಾಯದಿಂದ ಪಾರುಮಾಡಲೇಬೇಕು. ಬಿಲ್ಲು ಬರುವುದು ಆಮೇಲೆ. ಆ ಬಿಲ್ಲೂ ಕಲ್ಲಿನ ಮೇಲಿನ ಬರಹವಲ್ಲ. ವಿವರವಾದ ಬಿಲ್ಲು ಕೊಡಿ ಎಂದು ಕೇಳಬಹುದು. ಲಾಭದ ಉದ್ದೇಶವಿಲ್ಲವೆಂದು ತೆರಿಗೆ ವಿನಾಯಿತಿ ಪಡೆದ ಆಸ್ಪತ್ರೆಗಳು, ಕೈಲಾಗದವರಿಗೆ ರಿಯಾಯಿತಿ ಕೊಡುವ ಲಿಖಿತ ನಿಯಮವನ್ನು ಇಟ್ಟುಕೊಂಡಿರಬೇಕು. ನಮ್ಮ ಮಗಳು ಅರ್ಜಿ ಹಾಕಿದ ಮೇಲೆ ಮೊತ್ತ ಸಾಕಷ್ಟು ಇಳಿಯಿತು. ಉಳಿದದ್ದನ್ನು ಕಂತಿನಲ್ಲಿ ಕಟ್ಟಿದಳು.

ಎರಡನೆಯದು, ಪ್ರವಾಸಿಗರ ವಿಮೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಪ್ರತಿಯೊಂದು ಚಿಕಿತ್ಸೆಗೂ ಇಷ್ಟೇ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಆಸ್ಪತ್ರೆಯ ದಿನದ ಬಾಡಿಗೆ ಅದರ ಹತ್ತು ಪಟ್ಟಾದರೂ ಅವರು ಕೊಡುವುದು ಅಷ್ಟೇ. ಕಂತು ಕಡಿಮೆ. ನಾವು ತೆಗೆದುಕೊಂಡಿದ್ದು ಇದನ್ನೇ. ಇನ್ನೊಂದರಲ್ಲಿ ಆರಂಭದ ಒಂದಿಷ್ಟು ಮೊತ್ತವನ್ನು ನಾವು ಹೊತ್ತರೆ, ಅನಂತರದ ಖರ್ಚಿನ ಬಹುಭಾಗವನ್ನು ನಿಗದಿಯಾದ ಮಿತಿಯವರೆಗೆ ಅವರು ಕೊಡುತ್ತಾರೆ. ಕಂತು ಹೆಚ್ಚು. ಎರಡರಲ್ಲೂ ಸಾಮಾನ್ಯವಾಗಿ ಹಳೆಯ ಕಾಯಿಲೆಗಳನ್ನು ಬಿಟ್ಟಿರುತ್ತಾರೆ. ಕೆಲವು ಪಾಲಿಸಿಗಳಲ್ಲಿ ಮಾತ್ರ, ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಕೊಡುತ್ತೇವೆಂಬ ಷರತ್ತು ಇರುತ್ತದೆ. ಅದಕ್ಕೂ ವಯಸ್ಸಿನ ಮಿತಿ, ಗಂಟೆಯ ಮಿತಿ ಉಂಟು. ಬೆಳಿಗ್ಗೆ ಬಂದ ನೋವನ್ನು ಸಂಜೆಯವರೆಗೆ ಮುಚ್ಚಿಟ್ಟರೆ ದೇಹಕ್ಕೂ ನಷ್ಟ, ವಿಮೆಗೂ ತೊಡಕು. ಮಗಳಿಂದ ಆ ಷರತ್ತನ್ನು ಓದಿಸಿ, ಅರ್ಥ ಮಾಡಿಕೊಂಡ ಮೇಲೆಯೇ ವಿಮಾನ ಹತ್ತಬೇಕು.

ಇನ್ನು, ಆರು ತಿಂಗಳಿಗಲ್ಲದೆ ಕಾಯಂ ಆಗಿ ಹೋಗಿ ನೆಲೆಸುವವರ ವಿಚಾರ. ಮಗಳು ಅಲ್ಲಿಯ ಪ್ರಜೆಯಾದ ಮೇಲೆ, “ನಿಮ್ಮಿಬ್ಬರಿಗೂ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುತ್ತೇನೆ” ಎಂದಳು. “ಗ್ರೀನ್ ಕಾರ್ಡ್ ಬಂದರೆ ಸರ್ಕಾರದ ಆಸ್ಪತ್ರೆ ವಿಮೆ ಸಿಗುತ್ತದಲ್ಲ?” ಎಂದು ನಾನು ಕೇಳಿದೆ. ನಮ್ಮಲ್ಲಿ ಬಹಳ ಜನರ ನಂಬಿಕೆಯೂ ಇದೇ. ಸತ್ಯ ಬೇರೆ ಇದೆ.

ಅಮೆರಿಕದಲ್ಲಿ ವೃದ್ಧರಿಗಾಗಿ ಇರುವ ಸರ್ಕಾರಿ ವಿಮೆಗೆ ಮೆಡಿಕೇರ್ ಎಂದು ಹೆಸರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ ಬಂದದ್ದು. 65 ವರ್ಷ ತುಂಬಿದವರಿಗೆ ದೊರೆಯುತ್ತದೆ. ಆದರೆ ಆಸ್ಪತ್ರೆಯ ಭಾಗವು ಕಂತಿಲ್ಲದೆ ಸಿಗಬೇಕಾದರೆ ತಾನು ಅಥವಾ ತನ್ನ ಗಂಡ ಇಲ್ಲವೆ ಹೆಂಡತಿ ಅಲ್ಲಿ ಸುಮಾರು 10 ವರ್ಷ ದುಡಿದು ಅದರ ತೆರಿಗೆ ಕಟ್ಟಿರಬೇಕು. ಮಗಳು ಕಟ್ಟಿದ ತೆರಿಗೆ ಸಾಮಾನ್ಯವಾಗಿ ತಂದೆತಾಯಿಯರ ಲೆಕ್ಕಕ್ಕೆ ಬರುವುದಿಲ್ಲ. ಅವಳ ಕಂಪನಿಯ ವಿಮೆಯಲ್ಲಿ ಗಂಡ, ಮಕ್ಕಳಿಗೆ ಜಾಗವುಂಟು; ತಂದೆತಾಯಿಯರಿಗೆ ಸಾಮಾನ್ಯವಾಗಿ ಇಲ್ಲ.

ದುಡಿಯದವರು ಹಣ ಕೊಟ್ಟು ಸೇರಬಹುದು. ಅದಕ್ಕೆ ಗ್ರೀನ್ ಕಾರ್ಡ್ ಪಡೆದು, ಅಲ್ಲಿ ಸತತವಾಗಿ 5 ವರ್ಷ ವಾಸವಾಗಿರಬೇಕು. 2025ರ ದರದಂತೆ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್. ಒಟ್ಟು 703 ಡಾಲರ್. ನಮ್ಮ ಹಣದಲ್ಲಿ ಹತ್ತಿರಹತ್ತಿರ 60 ಸಾವಿರ ರೂಪಾಯಿ. ಇದು ಒಬ್ಬರಿಗೆ, ಒಂದು ತಿಂಗಳಿಗೆ. ಗಂಡಹೆಂಡಿರಿಗೆ ಇಮ್ಮಡಿ. ಇಷ್ಟು ಕಟ್ಟಿದ ಮೇಲೂ ವೈದ್ಯರ ಖರ್ಚಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು ಪಾಲು ನಮ್ಮದೇ. ಆ ಮೊದಲಿನ 5 ವರ್ಷದ ಗತಿಯೇನು? ಗ್ರೀನ್ ಕಾರ್ಡ್ ಉಳ್ಳವರು ಅಲ್ಲಿನ ಸರ್ಕಾರ ಏರ್ಪಡಿಸಿರುವ ವಿಮಾ ಮಾರುಕಟ್ಟೆಯಲ್ಲಿ ಪಾಲಿಸಿ ಕೊಳ್ಳಬಹುದು. 2010ರ ಕಾನೂನಿನಿಂದಾಗಿ ಅಲ್ಲಿ ಹಳೆಯ ಕಾಯಿಲೆಯ ನೆಪ ಹೇಳಿ ನಿರಾಕರಿಸುವಂತಿಲ್ಲ. ಇದು ದೊಡ್ಡ ಅನುಕೂಲ. ಆದರೆ ವಯಸ್ಸಾದಂತೆ ಕಂತು ಏರುತ್ತದೆ. ಅದನ್ನು ಕಟ್ಟುವವರು ಮಕ್ಕಳೇ. ಆದ್ದರಿಂದ ಅಳಿಯ, ಸೊಸೆ ಎಲ್ಲರೂ ಕುಳಿತು ಮೊದಲೇ ಮಾತನಾಡಿಕೊಳ್ಳುವುದು ಲೇಸು.

ಬೇರೆ ದೇಶಗಳ ರೀತಿ ಬೇರೆ. ಕೆನಡಾದಲ್ಲಿ ತಂದೆತಾಯಿಯರಿಗಾಗಿ ಸೂಪರ್ ವೀಸಾ ಎಂಬುದಿದೆ. ಅದರಲ್ಲಿ ಒಮ್ಮೆಗೆ 5 ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ವೈದ್ಯಕೀಯ ವಿಮೆ ಇರಲೇಬೇಕು. ಆಸ್ಟ್ರೇಲಿಯಾದಲ್ಲಿ ಕಾಯಂ ನಿವಾಸಿಗಳಾದ ತಂದೆತಾಯಿಯರಿಗೆ ಸರ್ಕಾರಿ ವೈದ್ಯಸೇವೆ ಸಿಗುತ್ತದೆ. ಹಣ ಕಟ್ಟಿ ಬೇಗ ಪಡೆಯುವ ಕಾಯಂ ವೀಸಾಕ್ಕೆ ಒಬ್ಬೊಬ್ಬರಿಗೆ 40 ಸಾವಿರ ಆಸ್ಟ್ರೇಲಿಯಾ ಡಾಲರಿಗೂ ಹೆಚ್ಚು ತೆರಬೇಕು. ಇಂಗ್ಲೆಂಡಿಗೆ ಮಕ್ಕಳನ್ನು ನೋಡಲು ಹೋದವರು ಆಸ್ಪತ್ರೆಗೆ ದಾಖಲಾದರೆ, ಅಲ್ಲಿನ ಸರ್ಕಾರಿ ಆಸ್ಪತ್ರೆಯೂ ತನ್ನ ದರದ ಒಂದೂವರೆ ಪಟ್ಟು ವಸೂಲು ಮಾಡುತ್ತದೆ. ನಮ್ಮ ಕರಾವಳಿಯವರು ಬಹುಕಾಲದಿಂದ ದುಡಿಯುತ್ತಿರುವ ಕೊಲ್ಲಿ ದೇಶಗಳಲ್ಲಿ ವಿಮೆ ಸಾಮಾನ್ಯವಾಗಿ ಕೆಲಸಕ್ಕೂ ವೀಸಾಕ್ಕೂ ಅಂಟಿಕೊಂಡಿರುತ್ತದೆ. ಕೆಲಸ ಬಿಟ್ಟ ದಿನ ಅದೂ ಬಿಡುತ್ತದೆ.

ಇಷ್ಟನ್ನು ನೋಡಿದ ಮೇಲೆ ನನಗೆ ಮನವರಿಕೆಯಾದದ್ದು ಇದು: ಚಿಕಿತ್ಸೆ ಪಡೆಯುವ ಹಕ್ಕು ನಮ್ಮ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುವಂಥದಲ್ಲ. ಒಂದು ಊರಿನಲ್ಲಿ ವರ್ಷಾನುಗಟ್ಟಲೆ ದುಡಿದು, ಕಂತು ಕಟ್ಟಿ, ವಾಸವಿದ್ದು ಗಳಿಸುವಂಥದು. ಮುಪ್ಪಿನಲ್ಲಿ ಹೊಸ ನೆಲದಲ್ಲಿ ಅದನ್ನು ಗಳಿಸಲು ಹೊರಟರೆ ಕಾಲವೂ ಬೇಕು, ಹಣವೂ ಬೇಕು. ಹೋಗಬಾರದೆಂದು ನಾನು ಹೇಳುವುದಿಲ್ಲ. ಇಲ್ಲಿ ಗಳಿಸಿದ್ದನ್ನು ಕೈಬಿಟ್ಟು ಹೋಗಬಾರದು ಎನ್ನುತ್ತೇನೆ.

ನಾನು ಮಾಡಿದ್ದು ಆ ತಪ್ಪನ್ನೇ. ಇ.ಎಸ್.ಐ. ಇರುವ ಕಾರ್ಖಾನೆಗಳ ಕಾರ್ಮಿಕರಿಗೆ ಒಂದು ಸೌಲಭ್ಯವಿದೆ. ನಮ್ಮ ಕೈಗಾರಿಕಾ ಪ್ರದೇಶದಲ್ಲಿಯೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಕನಿಷ್ಠ 5 ವರ್ಷ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ, ಅವರಿಗೂ ಅವರ ಗಂಡ ಅಥವಾ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ 10 ರೂಪಾಯಿ. ಒಂದು ಲೋಟ ಕಾಫಿಯ ಬೆಲೆಯೂ ಅಲ್ಲ. ನಾನು ನಿವೃತ್ತನಾದಾಗ ಕಟ್ಟಿದ್ದೆ. ಆಮೇಲೆ, ಅಮೆರಿಕಕ್ಕೆ ಹೋಗುವವನಿಗೆ ಇದೇಕೆಂದು ಬಿಟ್ಟುಬಿಟ್ಟೆ. ಅಲ್ಲಿಂದ ಹಿಂತಿರುಗಿದಾಗ ನಮ್ಮ ಮನೆಯವರಿಗೆ ಹೃದಯದ ತಪಾಸಣೆಗಳು ಬೇಕಾದವು. ಕಾಗದಪತ್ರ ಹುಡುಕಿ, ಮರಳಿ ಹಣ ಕಟ್ಟಿ, ಅದು ಊರ್ಜಿತವಾಗುವಷ್ಟರಲ್ಲಿ ಕೈಯಿಂದ ಸಾಕಷ್ಟು ಖರ್ಚಾಗಿತ್ತು. ಈಗ ತಪ್ಪದೆ ಕಟ್ಟುತ್ತಿದ್ದೇನೆ.

ಉಳಿದ ಆಸರೆಗಳೂ ಇವೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಇತರರಿಗೆ ನಿಗದಿತ ದರದ ನೂರಕ್ಕೆ 30 ಭಾಗ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು 70 ವರ್ಷ ದಾಟಿದ ನಾಗರಿಕರಿಗೆ ಆದಾಯದ ಮಿತಿಯಿಲ್ಲದೆ 5 ಲಕ್ಷದ ಯೋಜನೆಯೊಂದನ್ನು ಪ್ರಕಟಿಸಿದೆ. ತಮಗೆ ಯಾವುದು ಅನ್ವಯಿಸುತ್ತದೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಕಾರ್ಡು ಮಾಡಿಸಿಟ್ಟುಕೊಳ್ಳಿ.

ಇದೇ ಮಾತು ಎದುರು ದಿಕ್ಕಿನಿಂದ ಬರುವವರಿಗೂ ಸಲ್ಲುತ್ತದೆ. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ನಿವೇಶನ ಕೊಂಡು, ಅಮೆರಿಕದಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳುವ ಕನ್ನಡಿಗರಿದ್ದಾರೆ. ಅವರು ಜೀವಮಾನವೆಲ್ಲ ತೆರಿಗೆ ಕಟ್ಟಿದ ಮೆಡಿಕೇರ್, ಸಾಮಾನ್ಯವಾಗಿ ಭಾರತದ ಆಸ್ಪತ್ರೆಯ ಬಿಲ್ಲಿಗೆ ಹಣ ಕೊಡುವುದಿಲ್ಲ. ಹೇಗಿದ್ದರೂ ಉಪಯೋಗವಿಲ್ಲವೆಂದು ವೈದ್ಯರ ಭಾಗದ ಕಂತನ್ನು ನಿಲ್ಲಿಸಿ, ಮುಂದೊಮ್ಮೆ ಅಲ್ಲಿಗೇ ಹಿಂತಿರುಗಿದರೆ, ಬಿಟ್ಟ ಪ್ರತಿ 12 ತಿಂಗಳಿಗೆ ನೂರಕ್ಕೆ ಹತ್ತರಂತೆ ದಂಡ ಸೇರಿ ಕಂತು ಹೆಚ್ಚುತ್ತದೆ. ಇಲ್ಲಿ ಹೊಸ ಪಾಲಿಸಿ ಕೊಂಡರೆ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯುಂಟು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅದನ್ನು ಹೆಚ್ಚೆಂದರೆ 3 ವರ್ಷಕ್ಕೆ ಇಳಿಸಿದೆ. 65 ವರ್ಷ ದಾಟಿದವರಿಗೂ ಪಾಲಿಸಿಯ ಬಾಗಿಲು ತೆರೆಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ.ಯೂ ಹೋಗಿದೆ. ಆದ್ದರಿಂದ ಮರಳಬೇಕೆಂದಿರುವವರು ಮೂರು ವರ್ಷ ಮುಂಚೆಯೇ ಇಲ್ಲಿ ಪಾಲಿಸಿ ಆರಂಭಿಸಿದರೆ, ಬರುವ ಹೊತ್ತಿಗೆ ಕಾಯುವ ಕಾಲ ಕಳೆದಿರುತ್ತದೆ.

ಹೊರಡುವವರಿಗೆ ಕೆಲವು ಸಣ್ಣ ಸೂಚನೆಗಳು. ತಮ್ಮ ವೈದ್ಯರಿಂದ ಕಾಯಿಲೆಯ ವಿವರ, ಔಷಧಿಗಳ ಮೂಲ ಹೆಸರು, ಪ್ರಮಾಣಗಳನ್ನು ಬರೆಸಿಕೊಳ್ಳಿ. ನಮ್ಮ ಅಂಗಡಿಯ ಹೆಸರುಗಳು ಅಲ್ಲಿ ತಿಳಿಯುವುದಿಲ್ಲ. ನಾವು ಪ್ಯಾರಸಿಟಮಾಲ್ ಎನ್ನುವುದನ್ನೇ ಅಮೆರಿಕದವರು ಅಸಿಟಮಿನೋಫೆನ್ ಎನ್ನುತ್ತಾರೆ. ಮಾತ್ರೆಗಳು ಮೂಲ ಪಟ್ಟಿಯಲ್ಲಿಯೇ ಇರಲಿ, ಕೈಚೀಲದಲ್ಲಿರಲಿ. ಹಲ್ಲು, ಕಣ್ಣಿನ ಕೆಲಸವನ್ನು ಇಲ್ಲಿಯೇ ಮುಗಿಸಿ. ಜ್ವರ, ಕೆಮ್ಮಿನಂಥ ಸಣ್ಣ ತೊಂದರೆಗೆ ಅಲ್ಲಿ ಅರ್ಜೆಂಟ್ ಕೇರ್ ಎಂಬ ಚಿಕ್ಕ ಚಿಕಿತ್ಸಾಲಯಗಳಿವೆ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕಿಂತ ಎಷ್ಟೋ ಅಗ್ಗ. ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಇವುಗಳಿಗೆ ಮಾತ್ರ ಲೆಕ್ಕ ಹಾಕುತ್ತ ಕೂರಬಾರದು.

ನಾವೇನು ತೀರ್ಮಾನಿಸಿದೆವೆಂದು ತಾವು ಕೇಳಬಹುದು. ನಾನೂ ಮಗಳೂ ಕಾಗದ ಪೆನ್ನು ಹಿಡಿದು ಒಂದು ಭಾನುವಾರವಿಡೀ ಫೋನಿನಲ್ಲಿ ಲೆಕ್ಕ ಹಾಕಿದೆವು. ಸದ್ಯಕ್ಕೆ ಗ್ರೀನ್ ಕಾರ್ಡು ಬೇಡವೆಂದಾಯಿತು. ಮೊಮ್ಮಗುವನ್ನು ನೋಡಬೇಕೆನಿಸಿದಾಗ ಒಳ್ಳೆಯ ವಿಮೆ ಮಾಡಿಸಿ, ಎರಡು ತಿಂಗಳಿಗೆಂದು ಹೋಗಿ ಬರುವುದು. ಉಳಿದಂತೆ ಮಗಳೇ ರಜೆಯಲ್ಲಿ ಬರುವುದು. ನಮ್ಮ ಮನೆಯವರಿಗೆ ಇದರಿಂದ ದುಃಖವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಂದು ಎದೆನೋವನ್ನು ಮುಚ್ಚಿಟ್ಟವರು ಈಗ ಸ್ವಲ್ಪ ಸುಸ್ತಾದರೂ, “ರೀ, ಆಸ್ಪತ್ರೆಗೆ ಹೋಗಿಬರೋಣ” ಎಂದು ತಾವೇ ಹೊರಡುತ್ತಾರೆ. ನನಗೆ ಅಷ್ಟು ಸಾಕು.

ಬೇರೆಯವರ ಲೆಕ್ಕ ಬೇರೆಯಾಗಬಹುದು. ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದ ಒಂಟಿ ತಾಯಿಗೆ ಮಕ್ಕಳ ಬಳಿ ಇರುವುದೇ ಸರಿಯೆನಿಸಬಹುದು. ಅಂಥವರು ಅವಶ್ಯ ಹೋಗಲಿ. ಹೋಗುವ ಮೊದಲು ಅಲ್ಲಿನ ವಿಮೆ ಯಾವುದು, ಕಂತೆಷ್ಟು, ಕಟ್ಟುವವರು ಯಾರು, ಇಲ್ಲಿನ ಸೌಲಭ್ಯವನ್ನು ಚಾಲ್ತಿಯಲ್ಲಿಡುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲಿ. ದರಗಳೂ ನಿಯಮಗಳೂ ವರ್ಷವರ್ಷ ಬದಲಾಗುತ್ತವೆ. ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಲಿ. ನಮ್ಮ ಊರಿನ ಕಾರ್ಖಾನೆಗಳಿಂದ ನಿವೃತ್ತರಾದ ಅಣ್ಣತಮ್ಮಂದಿರು, ಅಕ್ಕತಂಗಿಯರು ನಾಳೆಯೇ ತಮ್ಮ ಇ.ಎಸ್.ಐ. ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ನೋಡಲಿ ಎಂದು ಕೋರುತ್ತೇನೆ.