ಬಿಸಿಲು ಹೊರಗೆ, ನೀರು ಒಳಗೆ

ಮಕ್ಕಳೇ, ನಿಮ್ಮ ಮನೆ ಮಂಗಳೂರಿನಲ್ಲಿದೆ ಎಂದುಕೊಳ್ಳಿ. ಅಪ್ಪನೋ ಅಮ್ಮನೋ ಸೇನೆಯಲ್ಲಿ ಕೆಲಸಕ್ಕಿದ್ದಾರೆ. ಈ ಸಲ ವರ್ಗವಾಗಿರುವುದು ರಾಜಸ್ಥಾನದ ಜೈಸಲ್ಮೇರಿಗೆ. ಅಜ್ಜಿಯನ್ನೂ ಕರೆದುಕೊಂಡು ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಥಾರ್ ಮರುಭೂಮಿಗೆ ಹೊರಟಿದ್ದೀರಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೈಸಲ್ಮೇರಿನಲ್ಲಿ ವರ್ಷದ ಸರಾಸರಿ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ. ಅಂಥ ಊರಿನಲ್ಲಿ ಸಂಸಾರ ಹೂಡುವುದಾದರೂ ಹೇಗೆ?

ಹೆದರಬೇಡಿ. ನಿಮಗಿಂತ ಮೊದಲೇ ಅಲ್ಲಿ ಮನೆ ಮಾಡಿಕೊಂಡವರು ಬಹಳ ಮಂದಿ ಇದ್ದಾರೆ. ಜನರಿದ್ದಾರೆ, ಮರಗಳಿವೆ, ಹಕ್ಕಿಗಳಿವೆ, ಹಲ್ಲಿಗಳಿವೆ, ಒಂಟೆಗಳಂತೂ ಇದ್ದೇ ಇವೆ. ಒಬ್ಬೊಬ್ಬರ ಉಪಾಯ ಒಂದೊಂದು ಬಗೆ. ಆದರೆ ಎಲ್ಲರ ಲೆಕ್ಕವೂ ಕೊನೆಗೆ ಎರಡೇ ಮಾತಿಗೆ ಬಂದು ನಿಲ್ಲುತ್ತದೆ: ಬಿಸಿಲನ್ನು ಹೊರಗಿಡು, ನೀರನ್ನು ಒಳಗಿಡು. ಇದನ್ನು ಅವರು ಹೇಗೆ ಸಾಧಿಸುತ್ತಾರೆ ಎಂದು ಒಬ್ಬೊಬ್ಬರನ್ನಾಗಿ ನೋಡೋಣ.

ಹಗಲು ಸುಡು ಬಿಸಿಲು, ರಾತ್ರಿ ಚಳಿ

ಮರುಭೂಮಿ ಎಂದರೆ ಕಣ್ಣು ಹಾಯುವಷ್ಟು ದೂರ ಬರೀ ಮರಳು ಎಂದು ನೀವು ಎಣಿಸಿರಬಹುದು. ಥಾರ್‌ನಲ್ಲಿ ಮರಳ ದಿಬ್ಬಗಳಿವೆ, ನಿಜ. ಆದರೆ ಕಲ್ಲು ಹಾಸಿದ ಬಯಲುಗಳಿವೆ, ಹುಲ್ಲುಗಾವಲುಗಳಿವೆ, ಹೊಲಗಳೂ ಇವೆ. ಒಂದು ಜಾಗವನ್ನು ಮರುಭೂಮಿ ಎನ್ನುವುದು ಮರಳಿನಿಂದಲ್ಲ, ಮಳೆಯ ಕೊರತೆಯಿಂದ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನಾಡನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ.

ಇಲ್ಲಿ ಬೇಸಿಗೆಯ ಬಿಸಿಲು ಬಲು ಜೋರು. ಥಾರ್‌ನ ಫಲೋದಿ ಎಂಬ ಊರಿನಲ್ಲಿ 2016ರ ಮೇ 19ರಂದು ಉಷ್ಣಾಂಶ 51 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ಚುರು ಎಂಬ ಇನ್ನೊಂದು ಊರು ಇನ್ನೂ ಸೋಜಿಗದ್ದು. ಬೇಸಿಗೆಯಲ್ಲಿ ಅಲ್ಲಿ 50 ಡಿಗ್ರಿ ದಾಟಿದ್ದುಂಟು, ಚಳಿಗಾಲದ ರಾತ್ರಿಗಳಲ್ಲಿ ಸೊನ್ನೆಗಿಂತ ಕೆಳಗೆ ಇಳಿದದ್ದೂ ಉಂಟು.

ಒಂದೇ ಊರಿನಲ್ಲಿ ಇಷ್ಟೊಂದು ಏರಿಳಿತ ಏಕೆ? ಮಂಗಳೂರಿನ ಗಾಳಿಯಲ್ಲಿ ನೀರಾವಿ ತುಂಬಿರುತ್ತದೆ, ಆಕಾಶದಲ್ಲಿ ಆಗಾಗ ಮೋಡವಿರುತ್ತದೆ. ಹಗಲು ಕಾದ ನೆಲ ರಾತ್ರಿ ಬಿಡುವ ಶಾಖವನ್ನು ಈ ನೀರಾವಿ ಮತ್ತು ಮೋಡಗಳು ಹೊದ್ದ ಕಂಬಳಿಯ ಹಾಗೆ ತಡೆದು ಹಿಡಿಯುತ್ತವೆ. ಥಾರ್‌ನ ಗಾಳಿ ಒಣ ಗಾಳಿ. ತಡೆಯುವವರು ಇಲ್ಲದ್ದರಿಂದ ನೆಲದ ಶಾಖ ನೇರವಾಗಿ ಆಕಾಶಕ್ಕೆ ಹೊರಟುಹೋಗುತ್ತದೆ. ಒಣ ಮರಳು ಶಾಖವನ್ನು ಆಳಕ್ಕೆ ಸಾಗಿಸುವುದೂ ಕಡಿಮೆ. ಮೇಲಿನ ತೆಳು ಪದರ ಮಾತ್ರ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಅದಕ್ಕೇ ಮಧ್ಯಾಹ್ನ ಬರಿಗಾಲಿಡಲಾಗದ ಮರಳು ನಡುರಾತ್ರಿ ತಣ್ಣಗಿರುತ್ತದೆ.

ಕಾಣದ ಬೆವರು

ಹೊಸ ಊರಿನಲ್ಲಿ ನಿಮಗೆ ಮೊದಲು ಅಚ್ಚರಿಯಾಗುವುದು ಬೆವರಿನ ವಿಷಯದಲ್ಲಿ. ಮಂಗಳೂರಿನಲ್ಲಿ ಮೈಯೆಲ್ಲ ಒದ್ದೆಯಾಗಿ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಇಲ್ಲಿ ಅದಕ್ಕಿಂತ ಹೆಚ್ಚು ಬಿಸಿಲಿದ್ದರೂ ಮೈ ಒಣಗಿಯೇ ಇರುತ್ತದೆ. ಹಾಗಾದರೆ ಬೆವರು ಬರುತ್ತಲೇ ಇಲ್ಲವೇ? ಬರುತ್ತಿದೆ. ಚರ್ಮದ ಮೇಲೆ ಬಂದ ಕೂಡಲೇ ಒಣ ಗಾಳಿ ಅದನ್ನು ಹೀರಿಬಿಡುತ್ತದೆ. ನೀರು ಹೋಗುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಆದ್ದರಿಂದ ಇಲ್ಲಿ ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯುತ್ತಿರಬೇಕು. ಮಜ್ಜಿಗೆ ಇಲ್ಲಿಯವರ ಊಟದ ಜೊತೆ ಸದಾ ಇರುತ್ತದೆ. ನೀರಿನ ಜೊತೆಗೆ ಬೆವರಿನಲ್ಲಿ ಹೋದ ಉಪ್ಪೂ ಅದರಿಂದ ಮೈಗೆ ಮರಳಿ ಸಿಗುತ್ತದೆ.

ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಎಷ್ಟು ಗೊತ್ತೇ? ಒಂದು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಬೇಕಾಗುವ ಶಾಖದ ಸುಮಾರು ಏಳು ಪಟ್ಟು ಶಾಖ, ಅಷ್ಟೇ ನೀರು ಪೂರ್ತಿ ಆವಿಯಾಗಲು ಬೇಕು. ಬೆವರು ಮೈಯನ್ನು ತಂಪು ಮಾಡುವುದು ಈ ಕಾರಣಕ್ಕೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದ ಪಡೆಯುತ್ತದೆ.

ಒದ್ದೆ ಹುಲ್ಲಿನ ಚಾಪೆಯ ಮೂಲಕ ಗಾಳಿ ಬೀಸುವ ಏರ್‌ ಕೂಲರ್ ಜೈಸಲ್ಮೇರಿನ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಕೂಲರನ್ನು ಮಂಗಳೂರಿಗೆ ತಂದರೆ ಅಷ್ಟು ಪ್ರಯೋಜನವಿಲ್ಲ. ಅಲ್ಲಿನ ಗಾಳಿಯಲ್ಲಿ ನೀರಾವಿ ಆಗಲೇ ತುಂಬಿರುವುದರಿಂದ ಇನ್ನಷ್ಟು ನೀರು ಸುಲಭವಾಗಿ ಆವಿಯಾಗುವುದಿಲ್ಲ.

ಗೋಡೆಗಳ ಜಾಣತನ

ಜೈಸಲ್ಮೇರ್ ಊರನ್ನು ಕಟ್ಟಿದ್ದು 1156ರಲ್ಲಿ, ರಾವಲ್ ಜೈಸಲ್ ಎಂಬ ರಾಜ. ಅಲ್ಲಿನ ಕೋಟೆಯೊಳಗೆ ಇಂದಿಗೂ ಜನ ಸಂಸಾರ ಮಾಡುತ್ತಿದ್ದಾರೆ. ಕೋಟೆಯೂ ಹಳೆಯ ಮನೆಗಳೂ ಹಳದಿ ಮರಳುಗಲ್ಲಿನವು. ಗೋಡೆಗಳು ಬಲು ದಪ್ಪ. ಬೆಳಗಿನ ಬಿಸಿಲಿಗೆ ಹೊರಮೈ ಕಾದರೂ ಆ ಶಾಖ ದಪ್ಪ ಕಲ್ಲನ್ನು ದಾಟಿ ಒಳಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಬೇಸಿಗೆಯ ರಾತ್ರಿ ಮನೆಯೊಳಗೆ ಸೆಕೆ ಎನಿಸಿದರೆ ಜನ ಹಾಸಿಗೆ ಸುತ್ತಿಕೊಂಡು ತಾರಸಿಗೆ ಹೋಗಿ ಮಲಗುತ್ತಾರೆ.

ಬೀದಿಗಳು ಕಿರಿದು, ಮನೆಗಳು ಒಂದಕ್ಕೊಂದು ತಾಗಿಕೊಂಡಿವೆ. ಹೀಗಿದ್ದಾಗ ಒಂದು ಮನೆಯ ನೆರಳು ಎದುರು ಮನೆಯ ಗೋಡೆಗೆ ಬೀಳುತ್ತದೆ, ಬಿಸಿಲು ತಾಗುವ ಗೋಡೆಗಳೇ ಕಡಿಮೆಯಾಗುತ್ತವೆ. ಕಿಟಕಿಗಳಿಗೆ ಕಲ್ಲಿನಲ್ಲೇ ಕೊರೆದ ಜಾಲಂಧ್ರಗಳಿವೆ. ಅವು ಗಾಳಿಗೆ ದಾರಿ ಬಿಟ್ಟು ಬಿಸಿಲನ್ನು ತಡೆಯುತ್ತವೆ.

ಹಳ್ಳಿಗಳ ಕಡೆ ಹೋದರೆ ಮಣ್ಣಿನ ಗೋಡೆ, ಹುಲ್ಲಿನ ಮಾಡು ಇರುವ ದುಂಡನೆಯ ಗುಡಿಸಲುಗಳು ಕಾಣುತ್ತವೆ. ದುಂಡಗೆ ಏಕೆ ಕಟ್ಟಿದರು? ಒಂದು ದಾರ ತೆಗೆದುಕೊಂಡು ಅದೇ ದಾರದಿಂದ ಒಮ್ಮೆ ಚೌಕ, ಒಮ್ಮೆ ವೃತ್ತ ಮಾಡಿ ನೋಡಿ. ವೃತ್ತದೊಳಗೆ ಹೆಚ್ಚು ಜಾಗ ಸಿಗುತ್ತದೆ. ಅಂದರೆ ಅಷ್ಟೇ ಜಾಗಕ್ಕೆ ದುಂಡು ಮನೆಯ ಗೋಡೆ ಕಡಿಮೆ ಸಾಕು, ಬಿಸಿಲಿಗೆ ಒಡ್ಡಿಕೊಳ್ಳುವ ಮೈಯೂ ಕಡಿಮೆ. ಮೂಲೆಗಳಿಲ್ಲದ್ದರಿಂದ ಮರಳು ತುಂಬಿದ ಬಿರುಗಾಳಿ ಗೋಡೆಯನ್ನು ಬಳಸಿಕೊಂಡು ಮುಂದೆ ಹೋಗುತ್ತದೆ.

ಮಳೆಯನ್ನು ಕೂಡಿಡುವ ಲೆಕ್ಕ

ಈಗ ನೀರಿನ ಮಾತು. ಪಂಜಾಬಿನ ಹರಿಕೆ ಎಂಬಲ್ಲಿಂದ ನದಿ ನೀರನ್ನು ಮರುಭೂಮಿಗೆ ತರುವ ಇಂದಿರಾ ಗಾಂಧಿ ಕಾಲುವೆಯ ಕೆಲಸ 1958ರಲ್ಲಿ ಶುರುವಾಯಿತು. ಅದಕ್ಕೂ ಶತಮಾನಗಳ ಮೊದಲಿನಿಂದ ಇಲ್ಲಿಯವರು ಬದುಕಿದ್ದು ಮಳೆಯನ್ನು ಹಿಡಿದಿಟ್ಟುಕೊಂಡು. ಇಲ್ಲಿಯ ಮನೆಗಳಲ್ಲಿ, ಹೊಲಗಳಲ್ಲಿ ಟಾಂಕಾ ಎಂಬ ನೆಲದೊಳಗಿನ ತೊಟ್ಟಿ ಇರುತ್ತದೆ. ಅದರ ಸುತ್ತ ನೆಲವನ್ನು ತೊಟ್ಟಿಯ ಕಡೆಗೆ ಇಳಿಜಾರು ಮಾಡಿ ಚೊಕ್ಕಟವಾಗಿ ಇಟ್ಟಿರುತ್ತಾರೆ. ಆ ಇಳಿಜಾರಿನಲ್ಲಿ ಯಾರೂ ಚಪ್ಪಲಿ ಹಾಕಿ ನಡೆಯುವುದಿಲ್ಲ, ದನಕರುಗಳನ್ನು ಬಿಡುವುದಿಲ್ಲ. ಬಿದ್ದ ಮಳೆ ಹರಿದು ತೊಟ್ಟಿಗೆ ಇಳಿಯುತ್ತದೆ. ಮೇಲೆ ಮುಚ್ಚಳವಿರುವುದರಿಂದ ಬಿಸಿಲಿಗೆ ಆವಿಯಾಗುವುದಿಲ್ಲ.

ಇಷ್ಟು ಕಡಿಮೆ ಮಳೆಯಲ್ಲಿ ಎಷ್ಟು ನೀರು ಸಿಕ್ಕೀತು ಎನ್ನುತ್ತೀರಾ? ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗ ಎಂದರೆ 100 ಚದರ ಮೀಟರ್. ವರ್ಷಕ್ಕೆ 150 ಮಿಲಿಮೀಟರ್ ಮಳೆ ಬಿದ್ದರೂ 15,000 ಲೀಟರ್ ಆಯಿತು! ಅದರಲ್ಲಿ 3,000 ಲೀಟರ್ ಸೋರಿ, ಆರಿ ಹೋಯಿತೆಂದರೂ 12,000 ಲೀಟರ್ ಉಳಿಯುತ್ತದೆ. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಬಳಸಿದರೆ ಅದು 300 ದಿನಕ್ಕೆ ಸಾಕು.

ನಮ್ಮ ಬನ್ನಿ ಅಲ್ಲೂ ಇದೆ

ಹೊಸ ಊರಿನಲ್ಲಿ ಪರಿಚಯದವರು ಯಾರೂ ಇಲ್ಲ ಎಂದು ಅಜ್ಜಿಗೆ ಬೇಸರವಾದರೆ ಅವರನ್ನು ಖೇಜಡಿ ಮರದ ಹತ್ತಿರ ಕರೆದುಕೊಂಡು ಹೋಗಿ. ಕೂಡಲೇ ಗುರುತು ಹಿಡಿಯುತ್ತಾರೆ. ಅದು ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ ಮರ. ರಾಜಸ್ಥಾನದ ರಾಜ್ಯ ವೃಕ್ಷವೂ ಅದೇ.

ಬನ್ನಿಯ ಬೇರು ನೀರು ಹುಡುಕುತ್ತ ಇಪ್ಪತ್ತು ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬಲ್ಲದು. ಎಲೆಗಳು ಪುಟ್ಟ ಪುಟ್ಟವು, ಹಾಗಾಗಿ ಆವಿಯಾಗಿ ಹೋಗುವ ನೀರು ಕಡಿಮೆ. ಬೇರಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುತ್ತವೆ. ಅದಕ್ಕೇ ರೈತರು ಹೊಲದ ನಡುವೆಯೂ ಈ ಮರವನ್ನು ಕಡಿಯದೆ ಉಳಿಸಿಕೊಂಡು ಸುತ್ತಲೂ ಸಜ್ಜೆ ಬೆಳೆಯುತ್ತಾರೆ. ಎಲೆ ಆಡು, ಒಂಟೆಗಳಿಗೆ ಮೇವು. ಎಳೆಯ ಕಾಯಿಗೆ ಸಾಂಗ್ರಿ ಎಂದು ಹೆಸರು, ಅದರಿಂದ ಪಲ್ಯ ಮಾಡುತ್ತಾರೆ. ಜೊತೆಗೆ ಸಜ್ಜೆ ರೊಟ್ಟಿ. ಉತ್ತರ ಕರ್ನಾಟಕದ ಮಕ್ಕಳಿಗೆ ಇದು ಗೊತ್ತಿರುವ ಊಟವೇ. ಸಜ್ಜೆ ಕಡಿಮೆ ನೀರಿನಲ್ಲಿ ಬೆಳೆಯುವ ಧಾನ್ಯ.

ಈ ಮರಕ್ಕಾಗಿ ಜನ ಪ್ರಾಣ ಕೊಟ್ಟಿದ್ದಾರೆ. 1730ರಲ್ಲಿ ಜೋಧಪುರದ ರಾಜನ ಆಳುಗಳು ಖೇಜಡ್ಲಿ ಹಳ್ಳಿಗೆ ಮರ ಕಡಿಯಲು ಬಂದರು. ಬಿಷ್ಣೋಯಿ ಸಮುದಾಯದ ಅಮೃತಾದೇವಿ ಮರವನ್ನು ಅಪ್ಪಿಕೊಂಡು ತಡೆದರು. ಅವರೂ ಸೇರಿ 363 ಮಂದಿ ಅಂದು ಪ್ರಾಣ ಕಳೆದುಕೊಂಡರು ಎಂದು ಆ ಸಮುದಾಯ ಇಂದಿಗೂ ನೆನೆಯುತ್ತದೆ. ಮರುಭೂಮಿಯಲ್ಲಿ ಒಂದು ಮರ ಎಂದರೆ ನೆರಳು, ಮೇವು, ಊಟ ಎಲ್ಲವೂ ಹೌದು.

ನೆಲದ ಕೆಳಗೆ, ಆಕಾಶದಲ್ಲಿ

ಇನ್ನು ಪ್ರಾಣಿಗಳ ಸಂಸಾರ. ಮುಳ್ಳುಬಾಲದ ಹಲ್ಲಿ ನೆಲದಲ್ಲಿ ಬಿಲ ತೋಡಿ ಒಳಗೆ ಹೋದಮೇಲೆ ಬಾಗಿಲನ್ನು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಆಳದ ಮಣ್ಣು ಹಗಲಿನ ಬಿಸಿಲಿಗೆ ಕಾಯುವುದೂ ಇಲ್ಲ, ರಾತ್ರಿಯ ಚಳಿಗೆ ಕೊರೆಯುವುದೂ ಇಲ್ಲ. ಮುಚ್ಚಿದ ಬಿಲದಲ್ಲಿ ತೇವವೂ ಉಳಿಯುತ್ತದೆ. ಮರುಭೂಮಿಯ ಇಲಿಗಳೂ ಬಿಲದ ಆಸರೆಯಲ್ಲೇ ಮರಿಗಳನ್ನು ಸಾಕುತ್ತವೆ.

ಸ್ಯಾಂಡ್‌ಗ್ರೌಸ್ ಎಂಬ ಹಕ್ಕಿಯ ಮರಿಗಳಿಗೆ ಹಾರಿಹೋಗಿ ನೀರು ಕುಡಿಯಲು ಆಗುವುದಿಲ್ಲ. ಆಗ ಅಪ್ಪ ಹಕ್ಕಿ ಹೊರಡುತ್ತದೆ. ದೂರದ ಕೆರೆಗೆ ಹೋಗಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿಕೊಂಡು ಬರುತ್ತದೆ. ಆ ಗರಿಗಳ ರಚನೆಯೇ ನೀರನ್ನು ಹೀರಿ ಹಿಡಿದುಕೊಳ್ಳುವಂಥದ್ದು. ಮರಿಗಳು ಅಪ್ಪನ ಹೊಟ್ಟೆಯ ಗರಿಗಳಿಗೆ ಕೊಕ್ಕು ಹಚ್ಚಿ ನೀರು ಕುಡಿಯುತ್ತವೆ.

ಒಂಟೆಯ ಗುಟ್ಟು ಹುಡುಕಿದ ಸಂಸಾರ

ಒಂಟೆಯ ಡುಬ್ಬದಲ್ಲಿ ನೀರಿದೆ ಎಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ? ಅದನ್ನು ಪರೀಕ್ಷಿಸಿ ನೋಡಲೆಂದೇ ವಿಜ್ಞಾನಿ ದಂಪತಿ ಸಹಾರಾ ಮರುಭೂಮಿಗೆ ಹೋಗಿ ನೆಲೆಸಿದ್ದರು. ನಾರ್ವೆಯಲ್ಲಿ ಹುಟ್ಟಿದ ಕ್ನೂಟ್ ಸ್ಮಿಟ್-ನೀಲ್ಸನ್ ಮತ್ತು ಅವರ ಪತ್ನಿ ಬೋಡಿಲ್ 1953–54ರಲ್ಲಿ ಅಮೆರಿಕದಿಂದ ಹೊರಟು ಅಲ್ಜೀರಿಯಾದ ಬೆನಿ ಅಬ್ಬೆಸ್ ಎಂಬ ಊರಿನಲ್ಲಿ ಸಂಸಾರ ಹೂಡಿ ಒಂಟೆಗಳನ್ನು ಅಧ್ಯಯನ ಮಾಡಿದರು.

ಡುಬ್ಬದಲ್ಲಿ ಇರುವುದು ಕೊಬ್ಬು, ನೀರಲ್ಲ. ಒಂಟೆಯ ಗುಟ್ಟು ನೀರನ್ನು ಕೂಡಿಡುವುದರಲ್ಲಿಲ್ಲ, ಪೋಲು ಮಾಡದಿರುವುದರಲ್ಲಿದೆ. ನಮ್ಮ ಮೈಯ ಉಷ್ಣಾಂಶ ಒಂದೆರಡು ಡಿಗ್ರಿ ಏರಿದರೆ ಜ್ವರ ಎನ್ನುತ್ತೇವೆ. ನೀರಿಲ್ಲದ ಒಂಟೆಯ ಮೈ ಬೆಳಗ್ಗೆ ಸುಮಾರು 34 ಡಿಗ್ರಿ ಇದ್ದು, ಸಂಜೆಯ ಹೊತ್ತಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿಯ ತನಕ ಅದು ಬೆವರುವುದೇ ಕಡಿಮೆ. ಹಗಲಿನ ಶಾಖವನ್ನು ಮೈಯಲ್ಲೇ ಇಟ್ಟುಕೊಂಡು ರಾತ್ರಿಯ ತಂಪಿನಲ್ಲಿ ಬಿಟ್ಟುಕೊಡುತ್ತದೆ. ಇದೊಂದರಿಂದಲೇ ದಿನಕ್ಕೆ ಸುಮಾರು ಐದು ಲೀಟರ್ ನೀರು ಉಳಿಯುತ್ತದೆ. ನೀರು ಸಿಕ್ಕಾಗಲಂತೂ ಹತ್ತೇ ನಿಮಿಷದಲ್ಲಿ 100 ಲೀಟರಿನಷ್ಟು ಕುಡಿಯಬಲ್ಲದು.

ಇನ್ನೊಂದು ಪ್ರಯೋಗದಲ್ಲಿ ಒಂಟೆಯ ತುಪ್ಪಳವನ್ನು ಕತ್ತರಿಸಿ ನೋಡಿದರು. ತುಪ್ಪಳ ಹೋದ ಒಂಟೆ ಸುಮಾರು ಒಂದೂವರೆ ಪಟ್ಟು ಬೆವರು ಸುರಿಸಿತು! ತುಪ್ಪಳ ಹೊರಗಿನ ಬಿಸಿಲನ್ನು ಚರ್ಮಕ್ಕೆ ತಾಗದಂತೆ ತಡೆಯುತ್ತಿತ್ತು. ಥಾರ್‌ನ ಜನ ತಲೆಗೆ ದಪ್ಪ ಪೇಟ ಸುತ್ತಿ, ತೋಳು ಕಾಲು ಮುಚ್ಚುವ ಸಡಿಲ ಹತ್ತಿ ಬಟ್ಟೆ ತೊಡುವುದರಲ್ಲಿಯೂ ಇದೇ ತಿಳಿವಿದೆ. ನೀವೂ ಹಾಗೆಯೇ ತೊಡಿ.

ಈಗ ನಿಮ್ಮ ಸರದಿ

ಮರುಭೂಮಿಗೆ ಹೋಗದೆಯೂ ಈ ಪಾಠವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಸ್ಟೀಲ್ ಲೋಟಗಳಲ್ಲಿ ಒಂದೇ ಅಳತೆಯ ನೀರು ತುಂಬಿ, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿಡಿ. ಅರ್ಧ ಗಂಟೆಯ ಮೇಲೆ ಬೆರಳಿಟ್ಟು ನೋಡಿ. ಬಿರುಬೇಸಿಗೆಯ ದಿನ ಒಮ್ಮೆ, ಜಡಿಮಳೆಯ ದಿನ ಒಮ್ಮೆ ಇದನ್ನು ಮಾಡಿ, ಯಾವ ದಿನ ಹೆಚ್ಚು ತಂಪಾಯಿತು ಎಂದು ಬರೆದಿಡಿ.

ಆಮೇಲೆ ನಿಮ್ಮ ಮನೆಯ ತಾರಸಿಯ ಉದ್ದ, ಅಗಲವನ್ನು ಮೀಟರಿನಲ್ಲಿ ಅಳೆದು ಗುಣಿಸಿ. ಬಂದ ಉತ್ತರವನ್ನು ನಿಮ್ಮ ಊರಿನ ವರ್ಷದ ಮಳೆಯ ಮಿಲಿಮೀಟರಿನಿಂದ ಗುಣಿಸಿ. ನಿಮ್ಮ ತಾರಸಿಯ ಮೇಲೆ ವರ್ಷಕ್ಕೆ ಅಷ್ಟು ಲೀಟರ್ ನೀರು ಬೀಳುತ್ತದೆ. ಮಂಗಳೂರಿನ 100 ಚದರ ಮೀಟರ್ ತಾರಸಿಗೆ ಅದು ಮೂರೂವರೆ ಲಕ್ಷ ಲೀಟರ್! ಅದರಲ್ಲಿ ಎಷ್ಟನ್ನು ನಾವು ಹಿಡಿದಿಡುತ್ತಿದ್ದೇವೆ ಎಂದು ಅಪ್ಪ ಅಮ್ಮನನ್ನು ಕೇಳಿ. ಹಿಡಿದಿಡುತ್ತಿಲ್ಲವಾದರೆ ಮುಂದಿನ ಮಳೆಗಾಲ ಬರುವ ಮೊದಲೇ ಒಂದು ಏರ್ಪಾಡು ಮಾಡಲು ಅವರ ಜೊತೆ ನೀವೂ ಕೈಜೋಡಿಸಿ.